ವೋಟು ಹಾಕಿಸಿಕೊಂಡು ಜಗತ್ತು ಗೆಲ್ಲೋದು: ಸಿವಿಲೈಸೇಶನ್ ಗೇಮಿನೊಳಗಿನ ಚುನಾವಣೆಗಳ ಇತಿಹಾಸ

ವಿಡಿಯೋ ನೋಡೋಷ್ಟು ಪುರುಸೊತ್ತಿಲ್ಲ, ಆಫೀಸ್ ಕ್ಯಾಬಲ್ಲಿ ಓದಿಕೊಳ್ತೀವಿ ಅನ್ನೋರಿಗಾಗಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಾ ಇದ್ದೀನಿ.

ಸಿವಿಲೈಸೇಶನ್ ಗೇಮ್ ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಕಾಲೇಜ್ ಹಾಸ್ಟೆಲ್ಲಲ್ಲಿ ರಾತ್ರಿಯಿಡೀ "ಇನ್ನೊಂದೇ ಟರ್ನ್" ಅಂತ ಕೂತು ಬೆಳಿಗ್ಗೆ ಲ್ಯಾಬ್‌ನಲ್ಲಿ ತೂಕಡಿಸಿದೋರು ಈಗ ಮ್ಯಾನೇಜರ್ ಆಗಿದ್ದಾರೆ. ಆ ಗೇಮಲ್ಲಿ ಗೆಲ್ಲೋಕೆ ಹಲವು ದಾರಿ. ಎಲ್ಲರನ್ನೂ ಹೊಡೆದು ಗೆಲ್ಲಬಹುದು, ರಾಕೆಟ್ ಬಿಟ್ಟು ಗೆಲ್ಲಬಹುದು, ಕಲೆ ಸಂಸ್ಕೃತಿ ಬೆಳೆಸಿ ಗೆಲ್ಲಬಹುದು. ಇವೆಲ್ಲ ಅರ್ಥ ಆಗುತ್ತೆ. ವಿಚಿತ್ರ ಅನ್ನಿಸೋದು ರಾಜತಾಂತ್ರಿಕ ಗೆಲುವು, ಅಂದ್ರೆ ಡಿಪ್ಲೊಮ್ಯಾಟಿಕ್ ವಿಕ್ಟರಿ. ಎಲ್ಲಾ ರಾಜರೂ ಸೇರಿ ವೋಟು ಹಾಕಿ "ಇನ್ಮೇಲೆ ನೀನೇ ಜಗತ್ತಿನ ನಾಯಕ" ಅಂತ ಒಪ್ಪಿಕೊಂಡ್ರೆ ಆಟ ಮುಗೀತು.

ಈಗ ಯೋಚನೆ ಮಾಡಿ. ನಾನು ಸೋಲ್ತೀನಿ ಅಂತ ಗೊತ್ತಿದ್ದೂ ನಾನ್ಯಾಕೆ ನಿಮಗೆ ವೋಟು ಹಾಕ್ಲಿ? ನಾವು ನಾಲ್ಕು ಜನ ಗೆಳೆಯರು ಭಾನುವಾರ ಆನ್‌ಲೈನಲ್ಲಿ ಆಡ್ತೀವಿ. ಮನುಷ್ಯರು ಮಾತ್ರ ಇರೋ ಆಟದಲ್ಲಿ ಹೀಗೊಂದು ವೋಟು ಇವತ್ತಿನವರೆಗೆ ಒಂದೂ ಬಿದ್ದಿಲ್ಲ. ಕಂಪ್ಯೂಟರ್ ರಾಜರು ಮಾತ್ರ ಹಾಕ್ತಾರೆ. ಯಾಕೆ ಹಾಕ್ತಾರೆ, ಹೇಗೆ ಹಾಕಿಸಬೇಕು ಅನ್ನೋ ಒಂದು ಪ್ರಶ್ನೆಗೆ ಗೇಮ್ ಮಾಡೋರು ಮೂವತ್ತು ವರ್ಷ ಒದ್ದಾಡಿದ್ದಾರೆ. ಪ್ರತಿ ಆವೃತ್ತಿಯಲ್ಲೂ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ಯುರೋಪಿನ ಇತಿಹಾಸ, ವಿಶ್ವಸಂಸ್ಥೆ, ನಮ್ಮ ರಾಷ್ಟ್ರಪತಿ ಚುನಾವಣೆ ಎಲ್ಲಾ ಅದರೊಳಗೆ ಸಿಗುತ್ತೆ.

1991ರ ಮೊದಲ ಸಿವಿಲೈಸೇಶನ್‌ನಲ್ಲಿ ವೋಟು ಗೀಟು ಏನೂ ಇರ್ಲಿಲ್ಲ. ಎಲ್ಲರನ್ನೂ ಮುಗಿಸು, ಇಲ್ಲಾ ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆ ಕಳಿಸು. ವೋಟಿನ ಗೆಲುವು ನಾನು ಕಂಡಂತೆ ಗಟ್ಟಿಯಾಗಿ ಕೂತಿದ್ದು 1993ರ ಮಾಸ್ಟರ್ ಆಫ್ ಓರಿಯನ್ ಅನ್ನೋ ಬಾಹ್ಯಾಕಾಶದ ಗೇಮಲ್ಲಿ. ನಕ್ಷತ್ರಮಂಡಲದ ಮೂರರಲ್ಲಿ ಎರಡು ಭಾಗ ಜನ ನೆಲೆಸಿದ ಮೇಲೆ ಗ್ಯಾಲಕ್ಟಿಕ್ ಕೌನ್ಸಿಲ್ ಸೇರುತ್ತೆ, ಆಮೇಲೆ 25 ವರ್ಷಕ್ಕೊಮ್ಮೆ ಸೇರ್ತಾನೇ ಇರುತ್ತೆ. ಅಭ್ಯರ್ಥಿಗಳು ಇಬ್ಬರೇ, ಅತಿ ದೊಡ್ಡವರಿಬ್ಬರು. ಜನಸಂಖ್ಯೆ ಎಷ್ಟೋ ಅಷ್ಟು ವೋಟು. ಮೂರರಲ್ಲಿ ಎರಡು ಪಾಲು ಸಿಕ್ಕವರು ಚಕ್ರವರ್ತಿ.

ಇದರಲ್ಲಿ ಎರಡು ಜಾಣತನ ಇದೆ. ಒಂದು, ನಿಮ್ಮ ಹತ್ರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ವೋಟು ಇದ್ರೆ ಸಾಕು, ಬೇರೆ ಯಾರೂ ಗೆಲ್ಲೋಕಾಗಲ್ಲ. ಐ.ಎಂ.ಎಫ್.ನಲ್ಲಿ ಅಮೆರಿಕ ಕೂತಿರೋದು ಇದೇ ಲೆಕ್ಕದ ಮೇಲೆ. ಅಲ್ಲಿ ದೊಡ್ಡ ತೀರ್ಮಾನಗಳಿಗೆ 85 ಪರ್ಸೆಂಟ್ ವೋಟು ಬೇಕು, ಅಮೆರಿಕದ ಪಾಲು ಸುಮಾರು ಹದಿನಾರೂವರೆ. ವೀಟೊ ಅಂತ ಎಲ್ಲೂ ಬರೆದಿಲ್ಲ, ಆದ್ರೆ ವೀಟೊ ಇದೆ. ಎರಡನೆಯದು ನನಗೆ ಇನ್ನೂ ಇಷ್ಟ. ನೀವು ಸೋತ್ರೆ ಗೇಮ್ ಕೇಳುತ್ತೆ: ತೀರ್ಪು ಒಪ್ತೀಯಾ, ಇಲ್ವಾ? ಒಪ್ಪಲ್ಲ ಅಂದ್ರೆ ಉಳಿದವರೆಲ್ಲ ಒಂದಾಗಿ ನಿಮ್ಮ ಮೇಲೆ ಬೀಳ್ತಾರೆ, ಕೊನೆಯ ಯುದ್ಧ. ಅಂದ್ರೆ ವೋಟಿನ ಹಿಂದೆ ಬಲ ಇಲ್ದೇ ಇದ್ರೆ ಆ ವೋಟಿಗೆ ಬೆಲೆ ಇಲ್ಲ ಅನ್ನೋದನ್ನ ಗೇಮೇ ಒಪ್ಪಿಕೊಂಡಿದೆ. ಮುಂದೆ ಬಂದ ಗೇಮುಗಳು ಇದನ್ನ ನಯವಾಗಿ ಮುಚ್ಚಿಟ್ಟವು.

1999ರಲ್ಲಿ ಬ್ರಯನ್ ರೆನಾಲ್ಡ್ಸ್ ತಂಡದ ಆಲ್ಫಾ ಸೆಂಟಾರಿ ಬಂತು. ಅಲ್ಲಿ ಪ್ಲಾನೆಟರಿ ಕೌನ್ಸಿಲ್, ಸರ್ವೋಚ್ಚ ನಾಯಕನಾಗೋಕೆ ನಾಲ್ಕರಲ್ಲಿ ಮೂರು ಪಾಲು ವೋಟು. ಆ ಗೇಮಲ್ಲಿ ವಿಶ್ವಸಂಸ್ಥೆಯ ವಾರಸುದಾರ ಅಂತ ತೋರಿಸಿರೋ ಬಣದ ನಾಯಕ ಒಬ್ಬ ಭಾರತೀಯ, ಕಮಿಷನರ್ ಪ್ರವೀಣ್ ಲಾಲ್. ಅವನ ವಿಶೇಷ ಶಕ್ತಿ ಏನು ಗೊತ್ತಾ? ಸೈನ್ಯ ಅಲ್ಲ, ದುಡ್ಡಲ್ಲ, ಕೌನ್ಸಿಲ್ ಚುನಾವಣೆಯಲ್ಲಿ ಡಬಲ್ ವೋಟು! ನೆಹರೂ ಕಾಲದಿಂದ ವಿಶ್ವಸಂಸ್ಥೆಯಲ್ಲಿ ಮಾತಾಡ್ತಾ ಬಂದ ಭಾರತ ಅಮೆರಿಕದ ಗೇಮ್ ಡಿಸೈನರ್ ಕಣ್ಣಿಗೆ ಹೀಗೆ ಕಂಡಿತ್ತು ಅಂತ ಕಾಣುತ್ತೆ.

ಸಿವಿಲೈಸೇಶನ್ ಸರಣಿಗೆ ವೋಟು ಬಂದಿದ್ದು 2001ರ ಮೂರನೇ ಆವೃತ್ತಿಯಲ್ಲಿ. ವಿಶ್ವಸಂಸ್ಥೆಯ ಕಟ್ಟಡ ಕಟ್ಟಬೇಕು. ಕಟ್ಟಿದವನು ಒಬ್ಬ ಅಭ್ಯರ್ಥಿ. ಜಗತ್ತಿನ ನೆಲದಲ್ಲೋ ಜನಸಂಖ್ಯೆಯಲ್ಲೋ ಕಾಲು ಭಾಗ ಇರೋನೂ ಅಭ್ಯರ್ಥಿ. ಒಂದು ದೇಶಕ್ಕೆ ಒಂದೇ ವೋಟು, ಅರ್ಧಕ್ಕಿಂತ ಜಾಸ್ತಿ ಬಂದ್ರೆ ಗೆಲುವು. ಕಂಪ್ಯೂಟರ್ ರಾಜರು ಯಾರನ್ನ ಜಾಸ್ತಿ ಇಷ್ಟಪಡ್ತಾರೋ ಅವರಿಗೆ ವೋಟು. ಆಡೋರು ಇದಕ್ಕೆ ಬೇಗನೆ ಮದ್ದು ಕಂಡುಹಿಡಿದ್ರು. ಚುನಾವಣೆಗೆ ಒಂದೆರಡು ಟರ್ನ್ ಮುಂಚೆ ಎಲ್ಲರ ಜೊತೆ ಒಪ್ಪಂದ ಮಾಡ್ಕೊಂಡು ಎದುರಾಳಿ ಅಭ್ಯರ್ಥಿ ಮೇಲೆ ಯುದ್ಧ ಹಚ್ಚಿಬಿಡೋದು. ಅವನ ಜೊತೆ ಕಾದಾಡ್ತಿರೋರು ಅವನಿಗೆ ವೋಟು ಹಾಕಲ್ಲ, ಪಕ್ಕದಲ್ಲಿ ನಿಂತ ನಿಮಗೆ ಹಾಕ್ತಾರೆ. ಶಾಂತಿಯ ಗೆಲುವಿಗೆ ಮಹಾಯುದ್ಧ ಬಂಡವಾಳ.

ಇಲ್ಲಿ ಒಂದು ತಮಾಷೆ. ಗೇಮಲ್ಲಿ ಗೆದ್ದವನು ಆಗೋದು ವಿಶ್ವಸಂಸ್ಥೆಯ ಸೆಕ್ರೆಟರಿ ಜನರಲ್, ಅಲ್ಲಿಗೆ ಜಗತ್ತೇ ಅವನದು. ನಿಜವಾದ ಸನದಿನಲ್ಲಿ ಆ ಹುದ್ದೆ ಮುಖ್ಯ ಆಡಳಿತಾಧಿಕಾರಿ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಚೀಫ್ ಸೆಕ್ರೆಟರಿ, ಸಿ.ಎಂ. ಅಲ್ಲ. ಬಹುಮತದಿಂದ ಆಗೋದೂ ಅಲ್ಲ. 1996ರ ನವೆಂಬರಲ್ಲಿ ಬೂಟ್ರೋಸ್ ಘಾಲಿ ಎರಡನೇ ಅವಧಿಗೆ ನಿಂತಾಗ ಭದ್ರತಾ ಮಂಡಳಿಯ 15ರಲ್ಲಿ 14 ವೋಟು ಅವರಿಗೇ ಬಿತ್ತು. ಬೀಳದ ಒಂದು ವೋಟು ಅಮೆರಿಕದ್ದು. ಅವರು ಮನೆಗೆ ಹೋದ್ರು, ಕೋಫಿ ಅನ್ನಾನ್ ಬಂದ್ರು. 2006ರಲ್ಲಿ ನಮ್ಮ ಶಶಿ ತರೂರ್ ನಿಂತಿದ್ದರು, ಬಾನ್ ಕಿ ಮೂನ್ ನಂತರದ ಎರಡನೇ ಸ್ಥಾನ. ಕೊನೆಯ ಗುಪ್ತ ಸುತ್ತಿನಲ್ಲಿ 10 ಜನ ಪರ, 3 ಜನ ವಿರುದ್ಧ, ಆ ವಿರುದ್ಧದವರಲ್ಲಿ ಒಬ್ಬರು ವೀಟೊ ಇದ್ದವರು. ಅಲ್ಲಿಗೆ ಮುಗೀತು. ಸಿವಿಲೈಸೇಶನ್ ಮೂರರ ನಿಯಮ ಇದ್ದಿದ್ರೆ ಘಾಲಿ ಸುಲಭವಾಗಿ ಗೆದ್ದಿರೋರು.

2005ರ ನಾಲ್ಕನೇ ಆವೃತ್ತಿ ನನ್ನ ಪ್ರಕಾರ ಇಡೀ ಸರಣಿಯಲ್ಲೇ ಚೆನ್ನಾಗಿರೋದು. ಇದರಲ್ಲಿ ಪ್ರತಿ ರಾಜನಿಗೂ ನಿಮ್ಮ ಬಗ್ಗೆ ಯಾಕೆ ಎಷ್ಟು ಪ್ರೀತಿ, ಎಷ್ಟು ಸಿಟ್ಟು ಅನ್ನೋದು ಅಂಕಿಯಲ್ಲೇ ಕಾಣುತ್ತೆ. ಒಂದೇ ಧರ್ಮದವರು ಅಂತ ಪ್ಲಸ್, ಜೊತೆಗೆ ಯುದ್ಧ ಮಾಡಿದ್ದಕ್ಕೆ ಪ್ಲಸ್, ಗಡಿ ತಾಗಿಕೊಂಡಿದೆ ಅನ್ನೋ ಒಂದೇ ಕಾರಣಕ್ಕೆ ಮೈನಸ್. ಆ ಕೊನೆಯದನ್ನ ನೋಡಿದಾಗ ಕೌಟಿಲ್ಯ ನೆನಪಾಗದೆ ಇರಲ್ಲ. ಅರ್ಥಶಾಸ್ತ್ರದ ಮಂಡಲ ಸಿದ್ಧಾಂತ ಇದೇ ತಾನೇ: ಪಕ್ಕದವನು ಶತ್ರು, ಶತ್ರುವಿನ ಪಕ್ಕದವನು ಮಿತ್ರ. ಅಂದಹಾಗೆ ಆ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಗುರುತು ಹಿಡಿದವರು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಇವತ್ತು ಸಿವಿಲೈಸೇಶನ್ ಆರರಲ್ಲಿ ಚಂದ್ರಗುಪ್ತನನ್ನ ಆರಿಸಿಕೊಂಡ್ರೆ ಅವನ ಶಕ್ತಿಯ ಹೆಸರೇ ಅರ್ಥಶಾಸ್ತ್ರ, ಕೆಲಸ ಪಕ್ಕದವನ ಮೇಲೆ ಬೀಳೋದು. ಶಾಸ್ತ್ರಿಗಳು ಆ ಗರಿಗಳನ್ನ ಬಿಡಿಸ್ತಾ ಕೂತಿದ್ದಾಗ ಇದನ್ನ ಊಹಿಸಿರೋಕೆ ಸಾಧ್ಯವೇ ಇಲ್ಲ. (ಗಾಂಧಿ ಅಣುಬಾಂಬ್ ಹಾಕೋ ಬಗ್ ಕಥೆ ಎಲ್ಲಿ ಅಂತ ಕೇಳ್ತೀರಿ ಅಂತ ಗೊತ್ತು. ಮೊದಲ ಗೇಮಲ್ಲಿ ಹಾಗೊಂದು ಬಗ್ ಇರಲೇ ಇಲ್ಲ ಅಂತ ಸಿಡ್ ಮೈಯರ್ 2020ರ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಾಗಿದೆ. ವಾಟ್ಸಾಪ್ ಫಾರ್ವರ್ಡ್ ನಿಲ್ಲಿಸಿ.)

ನಾಲ್ಕನೇ ಆವೃತ್ತಿಯ ದೊಡ್ಡ ಬದಲಾವಣೆ ಅಂದ್ರೆ ಒಂದು ದೇಶಕ್ಕೆ ಒಂದು ವೋಟು ಹೋಯ್ತು, ಜನಸಂಖ್ಯೆಗೆ ತಕ್ಕ ವೋಟು ಬಂತು. ಗೆಲ್ಲೋಕೆ ಸುಮಾರು 62 ಪರ್ಸೆಂಟ್. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆಡಿ ನೋಡಿದ್ರೆ ಗೊತ್ತಾಗುತ್ತೆ: ಅರ್ಧ ಜಗತ್ತು ಗೆದ್ದು ಅಲ್ಲಿನ ಜನರನ್ನೆಲ್ಲ ನಿಮ್ಮ ಲೆಕ್ಕಕ್ಕೆ ಸೇರಿಸ್ಕೊಂಡು, ಆಮೇಲೆ ನಿಮಗೆ ನೀವೇ ವೋಟು ಹಾಕ್ಕೊಂಡು ಗೆಲ್ಲಬಹುದು. ಸಣ್ಣ ದೇಶ ಎಷ್ಟೇ ಚೆನ್ನಾಗಿ ಆಳಿದ್ರೂ ಮತದಾನದ ದಿನ ಲೆಕ್ಕಕ್ಕೇ ಇಲ್ಲ. ಮೂರರಲ್ಲಿ ಇದ್ದದ್ದು ಅದರ ಉಲ್ಟಾ. ಅಲ್ಲಿ ಎರಡು ಊರಿನ ರಾಜನೂ ಇಪ್ಪತ್ತು ಊರಿನ ರಾಜನೂ ಸಮ. ನಿಜವಾದ ವಿಶ್ವಸಂಸ್ಥೆಯ ಮಹಾಸಭೆ ಇವತ್ತಿಗೂ ಮೂರನೇ ಆವೃತ್ತಿಯಲ್ಲೇ ಇದೆ. ನೌರು ಅನ್ನೋ ದ್ವೀಪದ ಹನ್ನೆರಡು ಸಾವಿರ ಚಿಲ್ಲರೆ ಜನಕ್ಕೂ ಒಂದು ವೋಟು, ಭಾರತದ 140 ಕೋಟಿಗೂ ಒಂದು ವೋಟು.

ಇದು ಬರೀ ಗೇಮಿನ ಜಗಳ ಅಲ್ಲ. ನಮ್ಮ ರಾಷ್ಟ್ರಪತಿ ಚುನಾವಣೆ ತಗೊಳ್ಳಿ. ಅಲ್ಲಿ ಪ್ರತಿ ಶಾಸಕರ ವೋಟಿಗೂ ಒಂದು ತೂಕ ಇದೆ. ರಾಜ್ಯದ ಜನಸಂಖ್ಯೆಯನ್ನ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದ್ರೆ ಬರೋದು. ಕರ್ನಾಟಕದ ಶಾಸಕರ ವೋಟಿನ ಬೆಲೆ 131. ಉತ್ತರ ಪ್ರದೇಶದ್ದು 208, ಸಿಕ್ಕಿಮ್‌ದು 7. ಸಂಸದರ ವೋಟಿಗೆ 2022ರಲ್ಲಿ 700. ಅಪ್ಪಟ ಸಿವಿಲೈಸೇಶನ್ ನಾಲ್ಕು. ಆದ್ರೆ ಒಂದು ವ್ಯತ್ಯಾಸ ಇದೆ, ಅದೇ ಇಲ್ಲಿ ಮುಖ್ಯ. ಆ ಜನಸಂಖ್ಯೆ ಇವತ್ತಿನದಲ್ಲ, 1971ರ ಜನಗಣತಿಯದು. ಕರ್ನಾಟಕಕ್ಕೆ ಆಗ 2 ಕೋಟಿ 93 ಲಕ್ಷ ಜನ, 224 ಶಾಸಕರು, ಭಾಗಿಸಿ ನೋಡಿ, 131 ಬರುತ್ತೆ.

ರಾಜ್ಯಗಳಿಗೆ ಲೋಕಸಭೆ ಸೀಟು ಹಂಚಿದ್ದೂ ಅದೇ 1971ರ ಲೆಕ್ಕದಲ್ಲಿ. 1976ರ 42ನೇ ತಿದ್ದುಪಡಿ ಅದನ್ನ ಅಲ್ಲೇ ನಿಲ್ಲಿಸಿತು. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಕ್ಕೆ ಸೀಟು ಕಡಿಮೆ ಮಾಡಿ ಶಿಕ್ಷೆ ಕೊಟ್ಟ ಹಾಗಾಗಬಾರದು ಅನ್ನೋದು ಅದರ ಹಿಂದಿದ್ದ ವಾದ. ಆಮೇಲೆ 84ನೇ ತಿದ್ದುಪಡಿ ಬಂದು 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿತು. ಡಿಲಿಮಿಟೇಶನ್ ಅಂತ ದಕ್ಷಿಣದ ರಾಜ್ಯಗಳಲ್ಲಿ ನಡೀತಿರೋ ಗಲಾಟೆಯ ಬೇರು ಇದು. ಒಂದು ಕಡೆಯವರ ಮಾತು: ಒಬ್ಬ ಮನುಷ್ಯನಿಗೆ ಒಂದು ವೋಟು ಅಂದ್ಮೇಲೆ ಅರ್ಧ ಶತಮಾನದ ಹಳೇ ಲೆಕ್ಕ ಯಾಕೆ? ಇನ್ನೊಂದು ಕಡೆಯವರ ಮಾತು: ಒಕ್ಕೂಟ ಅಂದ್ಮೇಲೆ ಬರೀ ತಲೆ ಎಣಿಸಿದ್ರೆ ಸಾಕಾ? ಎರಡೂ ಸುಳ್ಳಲ್ಲ. ನನಗೆ ಎರಡನೇ ಮಾತಿನ ಕಡೆ ಒಲವು ಜಾಸ್ತಿ, 28 ಸೀಟಿನ ರಾಜ್ಯದಿಂದ ಬಂದವನು ಹೀಗೆ ಹೇಳೋದು ಸಹಜ ಅಂತ ನೀವು ಅಂದ್ರೆ ಅದಕ್ಕೂ ಹೂಂ ಅಂತೀನಿ.

ನಮ್ಮಂಥ ಊರು ಬಿಟ್ಟವರಿಗೆ ಇದರಲ್ಲಿ ಇನ್ನೊಂದು ತಿರುವು ಇದೆ. ಗೇಮಲ್ಲಿ ಜನ ಯಾವ ಊರಲ್ಲಿ ಇದ್ದಾರೋ ಅಲ್ಲೇ ಲೆಕ್ಕ. ಜನಗಣತಿಯೂ ಹಾಗೇ, ಹಿಂಜೆವಾಡಿಯ ಫ್ಲಾಟಲ್ಲಿರೋ ಹಾಸನದ ಹುಡುಗ ಮಹಾರಾಷ್ಟ್ರದ ತಲೆ. ಕಾಯಿದೆ ಪ್ರಕಾರ ಮತದಾರರ ಪಟ್ಟಿಯಲ್ಲೂ ಸಾಮಾನ್ಯವಾಗಿ ವಾಸ ಇರೋ ಕಡೆಯೇ ಹೆಸರಿರಬೇಕು. ಆದ್ರೆ ನಮ್ಮಲ್ಲಿ ಎಷ್ಟು ಜನರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ? ಚುನಾವಣೆ ದಿನ ಬಸ್ ಟಿಕೆಟ್ ಸಿಗದೆ ಎಷ್ಟು ಜನ ಇಲ್ಲೇ ಕೂತ್ವಿ? ಎಣಿಕೆ ಒಂದು ರಾಜ್ಯಕ್ಕೆ, ವೋಟು ಇನ್ನೊಂದು ರಾಜ್ಯದ್ದು, ಎಷ್ಟೋ ಸಲ ಹಾಕಿದ್ದೇ ಇಲ್ಲ. ಇದನ್ನ ಯಾವ ಗೇಮ್ ಡಿಸೈನರೂ ಯೋಚನೆ ಮಾಡಿಲ್ಲ.

2007ರಲ್ಲಿ ನಾಲ್ಕಕ್ಕೇ ಬಂದ ವಿಸ್ತರಣೆಯಲ್ಲಿ ಧರ್ಮದ ವೋಟು ಸೇರಿತು, ಅಪೊಸ್ಟಾಲಿಕ್ ಪ್ಯಾಲೇಸ್ ಅಂತ. ಪ್ರತಿ ದೇಶದಲ್ಲೂ ಆ ಧರ್ಮ ಇರೋ ಒಂದು ಊರಾದರೂ ಇರಬೇಕು, 75 ಪರ್ಸೆಂಟ್ ವೋಟು ಬೇಕು. ಎದುರಾಳಿಯ ಮೂಲೆಯ ಹಳ್ಳಿಗೆ ಒಬ್ಬ ಪ್ರಚಾರಕನನ್ನ ಕಳಿಸಿದ್ರೆ ನಿಯಮ ಪೂರೈಸಿತು, ಅವನ ವೋಟೂ ಬೆರಳೆಣಿಕೆ. ಇದು ಎಷ್ಟು ಸುಲಭದ ಗೆಲುವು ಅಂದ್ರೆ ಆಡೋರು ಇದನ್ನ ಗೆಲುವು ಅಂತ ಲೆಕ್ಕಕ್ಕೇ ಇಡಲ್ಲ. ಮುಂದೆ ಹೋಗೋಣ.

2010ರ ಐದನೇ ಆವೃತ್ತಿ "ಯಾಕೆ ವೋಟು ಹಾಕ್ಲಿ" ಅನ್ನೋ ಪ್ರಶ್ನೆಗೆ ಮುಲಾಜಿಲ್ಲದೆ ಉತ್ತರ ಕೊಟ್ಟಿತು: ಯಾರೂ ಹಾಕಲ್ಲ. ದೊಡ್ಡ ದೇಶಗಳು ತಮಗೆ ತಾವೇ ಹಾಕ್ಕೊಳ್ತವೆ. ನೀವು ಬಿಡುಗಡೆ ಮಾಡಿದ ದೇಶವೊಂದಿದ್ರೆ ಮಾತ್ರ ಅದು ಋಣಕ್ಕೆ ನಿಮಗೆ ಹಾಕುತ್ತೆ. ಉಳಿದದ್ದು ನಗರ ರಾಜ್ಯಗಳು, ಜಿನೀವಾ, ಸಿಂಗಾಪುರದಂಥವು. ಅವು ಗೆಲ್ಲೋಕೆ ಬಂದವಲ್ಲ, ಹಾಗಾಗಿ ಅವುಗಳ ವೋಟು ಮಾರಾಟಕ್ಕಿದೆ. ಚಿನ್ನ ಕೊಟ್ರೆ ಸ್ನೇಹ ಏರುತ್ತೆ, ಟರ್ನ್ ಕಳೆದ ಹಾಗೆ ಇಳಿಯುತ್ತೆ. ಆದ್ದರಿಂದ ಜಾಣರು ಮೊದಲೇ ಕೊಡಲ್ಲ. ಗಲ್ಲಾ ತುಂಬಿಸ್ಕೊಂಡು ಕೂತು, ಮತದಾನದ ಹಿಂದಿನ ಟರ್ನಲ್ಲಿ ಎಲ್ಲರನ್ನೂ ಒಟ್ಟಿಗೆ ಕೊಳ್ತಾರೆ. ನಮ್ಮೂರ ಪಂಚಾಯ್ತಿ ಎಲೆಕ್ಷನ್ ಹಿಂದಿನ ರಾತ್ರಿ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಇದು ಇತಿಹಾಸಕ್ಕೆ ದೂರ ಅಂತ ಬೈದೋರು ತುಂಬಾ ಜನ. ನಾನು ಹೇಳ್ತೀನಿ, ಎಲ್ಲಾ ಆವೃತ್ತಿಗಳಲ್ಲಿ ಇತಿಹಾಸಕ್ಕೆ ಹತ್ತಿರ ಇರೋದು ಇದೇ. 1519ಕ್ಕೆ ಹೋಗಿ. ಪವಿತ್ರ ರೋಮನ್ ಸಾಮ್ರಾಜ್ಯದ ಸಿಂಹಾಸನ ಖಾಲಿ. ಆ ಪಟ್ಟ ವಂಶದಿಂದ ಬರ್ತಿರ್ಲಿಲ್ಲ, 1356ರ ಗೋಲ್ಡನ್ ಬುಲ್ ಅನ್ನೋ ಶಾಸನದ ಪ್ರಕಾರ ಏಳು ಜನ ಮತದಾರರು ಆರಿಸಬೇಕು. ಮೂವರು ಆರ್ಚ್‌ಬಿಷಪ್‌ಗಳು: ಮೈಂಟ್ಸ್, ಕಲೋನ್, ಟ್ರಿಯರ್. ನಾಲ್ವರು ಅರಸರು: ಬೊಹೀಮಿಯಾ, ಪ್ಯಾಲಟಿನೇಟ್, ಸ್ಯಾಕ್ಸನಿ, ಬ್ರಾಂಡನ್‌ಬರ್ಗ್. ಸ್ಪರ್ಧೆಯಲ್ಲಿ ಮುಖ್ಯವಾಗಿ ಇಬ್ಬರು, ಸ್ಪೇನಿನ ದೊರೆ ಹ್ಯಾಬ್ಸ್‌ಬರ್ಗ್ ಚಾರ್ಲ್ಸ್ ಮತ್ತು ಫ್ರಾನ್ಸಿನ ಫ್ರಾನ್ಸಿಸ್. ಇಂಗ್ಲೆಂಡಿನ ಎಂಟನೇ ಹೆನ್ರಿಯೂ ಒಂದು ಕೈ ನೋಡಿದ. ಆಮೇಲೆ ನಡೆದಿದ್ದು ಹರಾಜು. ಚಾರ್ಲ್ಸ್ ಕಡೆಯಿಂದ ಖರ್ಚಾಗಿದ್ದು ಸುಮಾರು ಎಂಟೂವರೆ ಲಕ್ಷ ಫ್ಲೋರಿನ್. ಅದರಲ್ಲಿ ಐದೂವರೆ ಲಕ್ಷದ ಹತ್ತಿರ ಸಾಲ ಕೊಟ್ಟವನು ಔಗ್ಸ್‌ಬರ್ಗಿನ ಸಾಹುಕಾರ ಯಾಕೋಬ್ ಫುಗ್ಗರ್. ಜೂನ್ 28ಕ್ಕೆ ಫ್ರಾಂಕ್‌ಫರ್ಟಲ್ಲಿ ಏಳಕ್ಕೆ ಏಳೂ ವೋಟು ಚಾರ್ಲ್ಸ್‌ಗೆ! ಸಾಲ ತೀರಿಸೋದು ತಡವಾದಾಗ 1523ರಲ್ಲಿ ಫುಗ್ಗರ್ ಚಕ್ರವರ್ತಿಗೇ ಕಾಗದ ಬರೆದ. ನನ್ನ ದುಡ್ಡಿಲ್ಲದಿದ್ರೆ ನಿಮಗೆ ಆ ಕಿರೀಟ ಸಿಗ್ತಿರ್ಲಿಲ್ಲ, ಬಾಕಿ ಕೊಡಿ ಅನ್ನೋ ಅರ್ಥದಲ್ಲಿ. ಜಗತ್ತಿನ ದೊಡ್ಡ ದೊರೆಗೆ ಪೇಮೆಂಟ್ ರಿಮೈಂಡರ್.

ಅಂದ್ರೆ "ಸೋಲೋನು ಯಾಕೆ ವೋಟು ಹಾಕ್ತಾನೆ" ಅನ್ನೋದಕ್ಕೆ 1519ರ ಉತ್ತರ: ವೋಟು ಹಾಕಿದ ಏಳು ಜನರಲ್ಲಿ ಯಾರೂ ತಾವು ಸೋಲ್ತಾ ಇದ್ದೀವಿ ಅಂದ್ಕೊಳ್ಳಲಿಲ್ಲ. ಅವರಿಗೆ ಅವರ ಸಂಸ್ಥಾನ, ಅವರ ಹಕ್ಕು, ಕೈಗೆ ಬಂದ ದುಡ್ಡು ಮುಖ್ಯ. ಐದನೇ ಆವೃತ್ತಿಯ ನಗರ ರಾಜ್ಯಗಳ ಮನಸ್ಥಿತಿಯೂ ಇದೇ.

2013ರಲ್ಲಿ ಬಂದ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ವರ್ಲ್ಡ್ ಕಾಂಗ್ರೆಸ್ ತಂತು. ಮುದ್ರಣ ಕಲಿತು, ಎಲ್ಲಾ ದೇಶಗಳನ್ನ ಮೊದಲು ಭೇಟಿ ಮಾಡಿದವನು ಅದರ ಆತಿಥೇಯ. ಕೊನೆಯಲ್ಲಿ ಜಗನ್ನಾಯಕನ ಚುನಾವಣೆ ಇದ್ದೇ ಇದೆ, ಆದ್ರೆ ಅದಕ್ಕೂ ಮುಂಚೆ ನೂರಾರು ಟರ್ನ್ ಸಣ್ಣ ಸಣ್ಣ ಠರಾವು: ಆ ದೇಶದ ಜೊತೆ ವ್ಯಾಪಾರ ಬಂದ್, ಈ ವಸ್ತು ನಿಷೇಧ, ಸೈನ್ಯಕ್ಕೆ ತೆರಿಗೆ. ಗೂಢಚಾರನನ್ನೇ ರಾಯಭಾರಿ ಮಾಡಿ ಕಳಿಸಿದ್ರೆ ಆ ದೇಶದ ವೋಟನ್ನ ಚೌಕಾಶಿ ಮಾಡಿ ತಗೋಬಹುದು. ನನಗೆ ಆಟ ಅರ್ಥವಾಗೋಕೆ ಶುರುವಾಗಿದ್ದೇ ಇಲ್ಲಿಂದ. ನಿಜ ಜೀವನದ ರಾಜತಾಂತ್ರಿಕತೆ ಈ ಸಣ್ಣ ಠರಾವುಗಳಲ್ಲೇ ಇರೋದು. 1996ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸೀಟಿಗೆ ಭಾರತ ಜಪಾನ್ ಎದುರು ನಿಂತು 142ಕ್ಕೆ 40ರಲ್ಲಿ ಸೋತಿತು. ಜಪಾನ್ ವರ್ಷಗಟ್ಟಲೆ ನೆರವು ಹಂಚುತ್ತಾ ಬಂದಿತ್ತು, ನಾವು ಅದೇ ವರ್ಷ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಆಗಲ್ಲ ಅಂದಿದ್ವಿ. 2020ರಲ್ಲಿ ಅದೇ ಥರದ ಸೀಟಿಗೆ 192ರಲ್ಲಿ 184 ವೋಟು ಬಂತು. ಈ ಸಲ ಏಷ್ಯಾದ ಗುಂಪು ಮೊದಲೇ ಒಮ್ಮತ ಮಾಡಿಕೊಂಡಿತ್ತು, ಎದುರಿಗೆ ಯಾರೂ ಇರ್ಲಿಲ್ಲ.

ಆರನೇ ಆವೃತ್ತಿ 2016ರಲ್ಲಿ ಬಂದಾಗ ಈ ಗೆಲುವೇ ಇರ್ಲಿಲ್ಲ, 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯಲ್ಲಿ ವಾಪಸ್ ಬಂತು. ಈಗ ಒಂದೇ ಚುನಾವಣೆ ಅಲ್ಲ, 20 ಪಾಯಿಂಟ್ ಕೂಡಿಸಬೇಕು. ವೋಟು ಕೊಳ್ಳೋಕೆ ಫೇವರ್ ಅನ್ನೋ ಕರೆನ್ಸಿ. ನಾವು "ಅವರ ಒಂದು ಉಪಕಾರ ನನ್ನ ಮೇಲಿದೆ" ಅಂತೀವಲ್ಲ, ಅದನ್ನೇ ನಾಣ್ಯ ಮಾಡಿದ್ದಾರೆ. ಮೊದಲ ವೋಟು ಫ್ರೀ, ಎರಡನೆಯದಕ್ಕೆ 10, ಮೂರನೆಯದಕ್ಕೆ 20, ನಾಲ್ಕಕ್ಕೆ 30. ಐದು ವೋಟು ಹಾಕೋಷ್ಟರಲ್ಲಿ ಒಟ್ಟು 100 ಹೋಗಿರುತ್ತೆ. ನಿಮಗೆ ಎಷ್ಟು ಬೇಕು ಅನ್ನೋದನ್ನ ಬೆಲೆಯಲ್ಲಿ ತೋರಿಸಿ, ಆದ್ರೆ ಶ್ರೀಮಂತನಿಗೂ ಪೂರ್ತಿ ಕೊಳ್ಳೋಕಾಗಬಾರದು ಅನ್ನೋ ಲೆಕ್ಕ. ಇದರದೇ ಅಣ್ಣತಮ್ಮನಂಥ ಪದ್ಧತಿಗೆ ಕ್ವಾಡ್ರಾಟಿಕ್ ವೋಟಿಂಗ್ ಅಂತಾರೆ. ಅದೇ 2019ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಡೆಮಾಕ್ರಟಿಕ್ ಶಾಸಕರು ಯಾವ ಮಸೂದೆ ಮೊದಲು ಅಂತ ತೀರ್ಮಾನಿಸೋಕೆ ಅದನ್ನ ಬಳಸಿ ನೋಡಿದ್ರು.

ಇಲ್ಲೂ ಆಡೋರು ಡಿಸೈನರಿಗಿಂತ ಒಂದು ಹೆಜ್ಜೆ ಮುಂದೆ. ನೀವು ಗೆಲುವಿನ ಹತ್ರ ಬಂದಾಗ ಉಳಿದವರೆಲ್ಲ ಸೇರಿ ನಿಮ್ಮ 2 ಪಾಯಿಂಟ್ ಕಿತ್ಕೊಳ್ಳೋ ಠರಾವಿಗೆ ವೋಟು ಹಾಕ್ತಾರೆ. ಆದ್ರೆ ಗೆದ್ದ ಕಡೆ ವೋಟು ಹಾಕಿದವರಿಗೆ 1 ಪಾಯಿಂಟ್ ಬಹುಮಾನ ಇದೆ. ಹಾಗಾಗಿ ಅನುಭವಸ್ಥರು ತಮ್ಮ ವಿರುದ್ಧ ತಾವೇ ವೋಟು ಹಾಕ್ಕೊಳ್ತಾರೆ. ಎರಡು ಹೋಗುತ್ತೆ, ಒಂದು ಬರುತ್ತೆ. ಉಳಿದ ಪಾಯಿಂಟಿಗೆ ಮಹಾಬೋಧಿ ದೇವಾಲಯ, ಪೊಟಾಲಾ ಅರಮನೆ, ಸ್ವಾತಂತ್ರ್ಯ ದೇವಿ ಪ್ರತಿಮೆ ಕಟ್ಟೋದು, ಯಾರಿಗಾದ್ರೂ ಪ್ರವಾಹ ಬಂದ್ರೆ ನೆರವು ಕಳಿಸೋದು. ನಿಧಾನಕ್ಕೆ, ಯಾರಿಗೂ ಹೊಟ್ಟೆ ಉರಿಯದ ಹಾಗೆ ಗೆಲ್ಲಬೇಕು.

2025ರ ಫೆಬ್ರವರಿಯಲ್ಲಿ ಏಳನೇ ಆವೃತ್ತಿ ಬಂತು. ಬಿಡುಗಡೆಯಾದಾಗ ಅದರಲ್ಲಿ ವೋಟಿನ ಗೆಲುವು ಇರ್ಲಿಲ್ಲ. ಸೈನ್ಯ, ವಿಜ್ಞಾನ, ಸಂಸ್ಕೃತಿ, ಆರ್ಥಿಕತೆ, ನಾಲ್ಕೇ ದಾರಿ. ಆರ್ಥಿಕ ಗೆಲುವಿನ ಕೊನೆಯ ಹಂತದಲ್ಲಿ ಒಬ್ಬ ಬ್ಯಾಂಕರ್ ಹುಟ್ಟಿಕೊಳ್ತಾನೆ. ಅವನು ಒಂದೊಂದೇ ದೇಶದ ರಾಜಧಾನಿಗೆ ಹೋಗಿ, ಚಿನ್ನ ಕೊಟ್ಟು, ಪ್ರಭಾವ ಬಳಸಿ, ವಿಶ್ವಬ್ಯಾಂಕಿನ ಕಚೇರಿ ತೆರೆದು ಬರಬೇಕು. ಎಲ್ಲಾ ರಾಜಧಾನಿ ಸುತ್ತಿ ಮುಗಿಸಿದ್ರೆ ಜಗತ್ತು ನಿಮ್ಮದು. ಚುನಾವಣೆ ತೆಗೆದುಹಾಕಿದ್ದಾರೆ, ಫುಗ್ಗರನ್ನ ಮಾತ್ರ ಉಳಿಸಿಕೊಂಡಿದ್ದಾರೆ.